ಸ್ಟ್ರೋಕ್ ಆದ ಅಪ್ಪ ಮನೆಗೆ ಬಂದಿದ್ದಾರೆ, ನೋಡಿಕೊಳ್ಳುವ ಅಮ್ಮನಿಗೂ ವಯಸ್ಸಾಗಿದೆ. ಮುಂದೇನು ಮಾಡೋದು?

ಸಾಗರದವಳು

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಇದೆ, ಓದಿ ಹೇಳಿ.

ಅಪ್ಪನಿಗೆ 74 ವರ್ಷ. ಹೈಸ್ಕೂಲ್ ಮೇಷ್ಟ್ರಾಗಿ ರಿಟೈರ್ ಆದವರು. ಕಳೆದ ತಿಂಗಳು ಸ್ಟ್ರೋಕ್ ಆಯಿತು. ಬಲಗೈ, ಬಲಗಾಲು ಸ್ವಾಧೀನ ಇಲ್ಲ. ಮಾತೂ ಹೊರಡುವುದಿಲ್ಲ. ನಾವು ಹೇಳಿದ್ದು ಅರ್ಥ ಆಗುತ್ತದೆ ಅನಿಸುತ್ತದೆ, ಆದರೆ ಏನು ಕೇಳಿದರೂ "ಅದು... ಅದು..." ಅಷ್ಟೇ. ಆಸ್ಪತ್ರೆಯವರು ಜೀವ ಉಳಿಸಿದರು, ಅದರ ಬಗ್ಗೆ ತಕರಾರಿಲ್ಲ. ಆದರೆ ಡಿಸ್ಚಾರ್ಜ್ ಹಾಳೆಯಲ್ಲಿ ಪುಟದ ತುಂಬ ಮಾತ್ರೆಗಳ ಹೆಸರು, ಕೊನೆಗೆ "ಫಿಸಿಯೋಥೆರಪಿ ಮುಂದುವರಿಸಿ" ಅಂತ ಒಂದೇ ಸಾಲು. ಎಲ್ಲಿ, ಯಾರ ಹತ್ತಿರ, ಮನೆಯಲ್ಲಿ ಏನು ಮಾಡಬೇಕು, ಯಾರೂ ಹೇಳಲಿಲ್ಲ.

ಮನೆ ಸಾಗರದಿಂದ ಒಳಗೆ, ಹಳ್ಳಿಯಲ್ಲಿ. ಎತ್ತರದ ಜಗಲಿ, ಪ್ರತಿ ಬಾಗಿಲಿಗೂ ಹೊಸಿಲು. ಬಚ್ಚಲು ಹಿಂದುಗಡೆ, ಕಕ್ಕಸು ಇನ್ನೂ ಹಿಂದೆ, ಅದೂ ಕುಕ್ಕರಗಾಲಲ್ಲಿ ಕೂರುವಂಥದ್ದು. ಅಮ್ಮನಿಗೆ 68, ಮಂಡಿನೋವು. ನಾನು ಬೆಂಗಳೂರಲ್ಲಿ ಕೆಲಸದಲ್ಲಿದ್ದೇನೆ, ಸದ್ಯ ರಜೆ ಹಾಕಿ ಬಂದಿದ್ದೇನೆ. ಅಣ್ಣ ದುಬೈನಲ್ಲಿ.

ಬೆಂಗಳೂರಿನ ಯಾವುದಾದರೂ ರಿಹ್ಯಾಬ್ ಸೆಂಟರಿಗೆ ಸೇರಿಸಬೇಕಾ? ಮನೆಯಲ್ಲೇ ಮಾಡಬಹುದಾ? ಹೋಮ್ ನರ್ಸ್ ಇಡಬೇಕಾ? ವೀಲ್‌ಚೇರ್ ತಗೋಬೇಕಾ? ಅಂಗವಿಕಲರ ಕಾರ್ಡ್ ವಯಸ್ಸಾದವರಿಗೂ ಸಿಗುತ್ತದಾ? ಗೊತ್ತಿದ್ದವರು ದಯವಿಟ್ಟು ಹೇಳಿ.

ಫಿಸಿಯೋ ಅಕ್ಕ, ಮೈಸೂರು

ಮೊದಲು ನನ್ನ ಪ್ರಶ್ನೆಗಳು. ಮಂಚದ ಅಂಚಿನಲ್ಲಿ ಕೂರಿಸಿದರೆ ಯಾರೂ ಹಿಡಿಯದೆ ಕೂರುತ್ತಾರಾ? ನೀರು ಕುಡಿಯುವಾಗ ಕೆಮ್ಮು ಬರುತ್ತದಾ? ಬಲ ಭುಜದಲ್ಲಿ ನೋವಿದೆಯಾ? ಸೊಂಟದ ಹಿಂದೆ, ಹಿಮ್ಮಡಿಯಲ್ಲಿ ಚರ್ಮ ಕೆಂಪಾಗಿದೆಯಾ?

ನಿಮ್ಮ ಉತ್ತರ ಬರುವಷ್ಟರಲ್ಲಿ ಹೇಳಬಹುದಾದದ್ದು ಹೇಳಿಬಿಡುತ್ತೇನೆ. ಸ್ಟ್ರೋಕ್ ಆದ ಮೇಲೆ ಮೊದಲ ಮೂರು ತಿಂಗಳು ಚೇತರಿಕೆ ಜೋರಾಗಿರುತ್ತದೆ. ಆರು ತಿಂಗಳವರೆಗೂ ಪರವಾಗಿಲ್ಲ. ಆಮೇಲೆ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ಹಾಗಾಗಿ "ಸ್ವಲ್ಪ ಶಕ್ತಿ ಬರಲಿ, ಆಮೇಲೆ ವ್ಯಾಯಾಮ" ಅಂತ ಕಾಯಬೇಡಿ. ಶಕ್ತಿ ಬರುವುದೇ ವ್ಯಾಯಾಮದಿಂದ.

ಎಷ್ಟೇ ಒಳ್ಳೆಯ ಫಿಸಿಯೋ ಆದರೂ ಮನೆಗೆ ಬಂದು ಇರುವುದು ಮುಕ್ಕಾಲು ಗಂಟೆ, ಹೆಚ್ಚೆಂದರೆ ಒಂದು ಗಂಟೆ. ಉಳಿದ ಹೊತ್ತೆಲ್ಲ ನಿಮ್ಮ ಅಪ್ಪ ಇರುವುದು ಅಮ್ಮನ ಕೈಯಲ್ಲಿ. ನಾನು ಹೋದ ಬಹಳ ಮನೆಗಳಲ್ಲಿ ನೋಡಿದ್ದೇನೆ, ನಾನು ಒಳಗೆ ಬಂದ ಕೂಡಲೇ ಮನೆಯವರು ಕಾಫಿ ಮಾಡಲು ಅಡುಗೆಮನೆಗೆ ಹೋಗುತ್ತಾರೆ. ಕಾಫಿ ಬೇಡ. ಪಕ್ಕದಲ್ಲಿ ನಿಂತು ಕಲಿಯಿರಿ. ಹೇಗೆ ಹೊರಳಿಸುವುದು, ಹೇಗೆ ಎಬ್ಬಿಸುವುದು, ಕುರ್ಚಿಗೆ ಹೇಗೆ ದಾಟಿಸುವುದು, ಇದನ್ನು ಅಮ್ಮನ ಕೈಯಲ್ಲೇ ಮಾಡಿಸಿ ತೋರಿಸಿ ಅಂತ ಫಿಸಿಯೋ ಹತ್ತಿರ ಹಟ ಹಿಡಿಯಿರಿ.

ಬಲಗೈ ಹಿಡಿದು ಎಳೆದು ಎಬ್ಬಿಸಬೇಡಿ. ಕಂಕುಳಿಗೆ ಕೈ ಹಾಕಿ ಎತ್ತಲೂಬೇಡಿ. ಸ್ವಾಧೀನ ಇಲ್ಲದ ಭುಜವನ್ನು ಹಿಡಿದಿಡುವ ಸ್ನಾಯು ಸಡಿಲವಾಗಿರುತ್ತದೆ, ಕೀಲು ಜಾರುತ್ತದೆ. ಒಮ್ಮೆ ಭುಜನೋವು ಶುರುವಾದರೆ ಅವರು ಆ ಕೈಯನ್ನು ಮುಟ್ಟಲೂ ಬಿಡುವುದಿಲ್ಲ. ಕೂತಾಗ ಆ ಕೈಯ ಕೆಳಗೆ ದಿಂಬು ಇರಲಿ, ಜೋತು ಬೀಳಬಾರದು. ಎಬ್ಬಿಸುವಾಗ ಸೊಂಟಕ್ಕೆ ಅಗಲ ಬೆಲ್ಟ್ ಕಟ್ಟಿ ಅದನ್ನು ಹಿಡಿಯಿರಿ. ಕುರ್ಚಿಯನ್ನು ಯಾವಾಗಲೂ ಅವರ ಎಡಕ್ಕೆ, ಅಂದರೆ ಶಕ್ತಿ ಇರುವ ಕಡೆಗೆ ಇಡಿ. ಹಿಡಿಯುವವರು ಶಕ್ತಿ ಇಲ್ಲದ ಕಡೆ ನಿಲ್ಲಬೇಕು.

ಇನ್ನೊಂದು, ಆ ಸ್ಮೈಲಿ ಬಾಲ್. ಯಾರೋ ಒಬ್ಬರು ತಂದುಕೊಟ್ಟೇ ಇರುತ್ತಾರೆ, ಹಿಸುಕಲಿ ಅಂತ. ಬೆರಳು ಬಿಗಿಯಾಗಿ ಮಡಚಿಕೊಳ್ಳುತ್ತಿದ್ದರೆ ಅದನ್ನು ಎತ್ತಿಡಿ. ಮಡಚುವುದು ತಾನಾಗೇ ಬರುತ್ತದೆ, ಬಿಚ್ಚುವುದು ಕಷ್ಟ. ಬಾಲ್ ಹಿಸುಕಿದರೆ ಬಿಗಿ ಇನ್ನೂ ಜಾಸ್ತಿ ಆಗಬಹುದು.

ಧಾರವಾಡದ ಸೊಸೆ

ಅಕ್ಕಾರು ಹೇಳಿದ್ದು ಖರೆ. ನಮ್ಮತ್ತೆಯವರನ್ನು ನೋಡಿಕೊಂಡವಳು ನಾನು, ಅದಕ್ಕೆ ಮನೆ ವಿಷಯ ಹೇಳುತ್ತೇನ್ರಿ.

ವೀಲ್‌ಚೇರಿಗಿಂತ ಮೊದಲು ಕಕ್ಕಸಿನ ವ್ಯವಸ್ಥೆ ಮಾಡಿ. ಅದೇ ದೊಡ್ಡ ಗುದ್ದಾಟ. ನಡುವೆ ತೂತು ಇರುವ ಕಮೋಡ್ ಕುರ್ಚಿ ಸರ್ಜಿಕಲ್ ಅಂಗಡಿಯಲ್ಲಿ ಸಿಗುತ್ತದೆ. ರಾತ್ರಿ ಮಂಚದ ಪಕ್ಕ ಬಕೆಟ್ ಹಾಕಿ ಇಡಬಹುದು. ಚಕ್ರ ಇರುವಂಥದ್ದು ತಗೊಂಡರೆ ಬ್ರೇಕ್ ಗಟ್ಟಿ ಇದೆಯಾ ಅಂತ ಅಂಗಡಿಯಲ್ಲೇ ಕೂತು ನೋಡಿ. ಸ್ನಾನಕ್ಕೆ ಕೈ ಇರುವ ಪ್ಲಾಸ್ಟಿಕ್ ಕುರ್ಚಿ ಸಾಕು, ಆದರೆ ತೆಳು ಕುರ್ಚಿ ಬೇಡ, ನೆಲ ಒದ್ದೆ ಆದರೆ ಕಾಲು ಅಗಲುತ್ತವೆ.

ಗೋಡೆಗೆ ಹಿಡಿಕೆ ಹಾಕಿಸಿ. ಟವೆಲ್ ಹಾಕುವ ಕಂಬಿ ಅಲ್ಲ ಮತ್ತೆ! ಅದು ಮನುಷ್ಯರ ಭಾರ ತಡೆಯುವುದಿಲ್ಲ. ನಿಮ್ಮ ಅಪ್ಪಾರಿಗೆ ಎಡಗೈಲಿ ಶಕ್ತಿ, ಅಂದಮೇಲೆ ಹಿಡಿಕೆ ಅವರು ಕೂತಾಗ ಎಡಕ್ಕೆ ಬರಬೇಕು. ನಮ್ಮ ಮೇಸ್ತ್ರಿ ಬಲಕ್ಕೆ ಹಾಕಿ ಹೋಗಿದ್ದ, ಮತ್ತೆ ಗೋಡೆ ಕೊರೆಸಬೇಕಾಯಿತು.

ಅಂಗಿ ಹಾಕುವಾಗ ಸ್ವಾಧೀನ ಇಲ್ಲದ ಕೈ ಮೊದಲು, ತೆಗೆಯುವಾಗ ಅದು ಕೊನೆಗೆ. ಇದನ್ನು ಒಬ್ಬ ನರ್ಸ್ ಹೇಳಿಕೊಟ್ಟ ಮೇಲೆ ನಮ್ಮ ಮನೆಯಲ್ಲಿ ಬೆಳಗಿನ ಅರ್ಧ ಜಗಳ ನಿಂತಿತು.

ಸಾಗರದವಳು

ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಕ್ಕ, ಹಿಡಿಯದೆ ಸ್ವಲ್ಪ ಹೊತ್ತು ಕೂರುತ್ತಾರೆ, ಆಮೇಲೆ ಬಲಕ್ಕೆ ವಾಲುತ್ತಾರೆ. ನೀರು ಕುಡಿದರೆ ಒಮ್ಮೊಮ್ಮೆ ಕೆಮ್ಮುತ್ತಾರೆ, ಅನ್ನ ತಿಂದರೆ ಇಲ್ಲ. ಭುಜ ನೋವಿದೆ. ಚರ್ಮ ಸರಿ ಇದೆ.

ಒಂದು ಕಷ್ಟ ಅಂದರೆ ಅಮ್ಮ. ಅಪ್ಪನಿಗೆ ಏನೂ ಮಾಡಲು ಬಿಡುವುದಿಲ್ಲ. ಎಡಗೈ ಚೆನ್ನಾಗಿದ್ದರೂ ತಾನೇ ತುತ್ತು ಮಾಡಿ ಬಾಯಿಗಿಡುತ್ತಾಳೆ. "ಪಾಪ, ಅವರ ಹತ್ರ ಆಗಲ್ಲ" ಅಂತ. ರಾತ್ರಿ ನಿದ್ದೆಯೂ ಇಲ್ಲ ಅವಳಿಗೆ.

ಮಲೆನಾಡ ಗೌಡ

ತಂಗಿ, ಇಂಗ್ಲಿಷ್ ಮದ್ದು ಒಂದನ್ನೇ ನಂಬಿ ಕೂರಬೇಡಿ. ಲಕ್ವಕ್ಕೆ ನಮ್ಮ ಕಡೆ ಸೊಪ್ಪಿನ ಔಷಧಿ ಕೊಡುವವರಿದ್ದಾರೆ. ನಮ್ಮ ಚಿಕ್ಕಪ್ಪ ಎದ್ದು ಓಡಾಡಿದರು. ಎಣ್ಣೆ ಹಚ್ಚಿ ಬಿಸಿನೀರು ಹಾಕಿದರೆ ನರ ಸಡಿಲ ಆಗುತ್ತದೆ. ಕೆಲವರು ಪಾರಿವಾಳದ ರಕ್ತ ಹಚ್ಚಿ ಅಂತಾರೆ, ಅದನ್ನು ನಾನು ಹೇಳಲ್ಲ.

ಫಿಸಿಯೋ ಅಕ್ಕ, ಮೈಸೂರು

ಗೌಡರೇ, ಪಾರಿವಾಳವನ್ನು ಬಿಟ್ಟಿದ್ದಕ್ಕೆ ಸಂತೋಷ. ನಿಮ್ಮ ಚಿಕ್ಕಪ್ಪ ಎದ್ದು ಓಡಾಡಿದ್ದಕ್ಕೂ ಸಂತೋಷ. ಸ್ಟ್ರೋಕ್ ಆದವರಲ್ಲಿ ಬಹಳಷ್ಟು ಜನ ಮೊದಲ ತಿಂಗಳುಗಳಲ್ಲಿ ಎಷ್ಟೋ ಚೇತರಿಸಿಕೊಳ್ಳುತ್ತಾರೆ. ಆಗ ಯಾವ ಔಷಧಿ ಕೊಡುತ್ತಿದ್ದರೋ ಅದಕ್ಕೆ ಹೆಸರು ಬರುತ್ತದೆ.

ಎಣ್ಣೆ ಹಚ್ಚುವುದಕ್ಕೆ ನನ್ನ ವಿರೋಧ ಇಲ್ಲ. ಹಗುರವಾಗಿ ಹಚ್ಚಲಿ, ಅವರಿಗೂ ಹಿತ. ಆದರೆ ಜಗ್ಗಿ ನೀವಬಾರದು. ಸ್ಪರ್ಶ ಗೊತ್ತಾಗದ ಕೈಕಾಲಿಗೆ ಬಿಸಿನೀರಿನ ಚೀಲ ಇಡಲೇಬಾರದು. ಬೊಬ್ಬೆ ಎದ್ದ ಮೇಲೆಯೇ ಗೊತ್ತಾಗುವುದು. ಎಲ್ಲಕ್ಕಿಂತ ಮುಖ್ಯ, ಸೊಪ್ಪಿನ ಔಷಧಿಯವರು ಪಥ್ಯ ಅಂತ ಹೇಳಿ ಬಿಪಿ ಮಾತ್ರೆ, ರಕ್ತ ಹೆಪ್ಪುಗಟ್ಟದ ಹಾಗೆ ಕೊಡುವ ಮಾತ್ರೆ ನಿಲ್ಲಿಸಲು ಹೇಳಿದರೆ ಎದ್ದು ಬನ್ನಿ. ಎರಡನೇ ಸ್ಟ್ರೋಕ್ ಬರುವುದು ಹಾಗೆಯೇ.

ಸಾಗರದವರೇ, ವಾಲುವುದು ಸಾಮಾನ್ಯ. ಬೆನ್ನು ಒರಗಿಸುವ ಗಟ್ಟಿ ಕುರ್ಚಿಯಲ್ಲಿ, ಎರಡೂ ಪಾದ ನೆಲಕ್ಕೆ ಪೂರ್ತಿ ಊರುವ ಹಾಗೆ ಕೂರಿಸಿ. ಊಟ, ಟಿವಿ, ಮಾತು ಎಲ್ಲ ಕೂತೇ ಆಗಲಿ. ಮಂಚ ರಾತ್ರಿಗೆ. ಮಾತನಾಡಿಸುವವರು ಬಲಗಡೆ ಕೂರಿ, ಅವರು ಆ ಕಡೆಗೂ ತಿರುಗಲಿ. ಭುಜನೋವು ಇರುವುದರಿಂದ ಕೈಯನ್ನು ತಲೆಯ ಮೇಲಕ್ಕೆ ಎತ್ತಿಸುವ ವ್ಯಾಯಾಮ ಯಾರಾದರೂ ಹೇಳಿಕೊಟ್ಟಿದ್ದರೆ ನಿಲ್ಲಿಸಿ, ಒಮ್ಮೆ ತೋರಿಸಿ. ಹತ್ತಿರದಲ್ಲಿ ಬೇಕೆಂದರೆ ಶಿವಮೊಗ್ಗದ ಮೆಗ್ಗಾನ್ ಆಸ್ಪತ್ರೆಯಲ್ಲಿ ಫಿಸಿಯೋಥೆರಪಿ ವಿಭಾಗ ಇದೆ. ದಾವಣಗೆರೆಯಲ್ಲಿ ಕೇಂದ್ರ ಸರ್ಕಾರದ ಪುನರ್ವಸತಿ ಕೇಂದ್ರ, ಸಿಆರ್‌ಸಿ ಅಂತಾರೆ, ಅದೂ ಇದೆ.

ಬೆಂಗಳೂರು ಬೇಕಾ ಅಂತ ಕೇಳಿದಿರಿ. ನಿಮ್ಹಾನ್ಸ್‌ನಲ್ಲಿ ನರರೋಗಿಗಳ ಪುನರ್ವಸತಿಗೆ ಅಂತಲೇ ಪ್ರತ್ಯೇಕ ವಿಭಾಗ ಇದೆ. ಖಾಸಗಿ ಸೆಂಟರುಗಳೂ ಇವೆ, ದುಬಾರಿ. ಸೇರಿಸುವುದಾದರೆ ಕೆಲವು ವಾರ ಸೇರಿಸಿ, ಜೊತೆಗೆ ಅಮ್ಮ ಅಥವಾ ಮನೆಯಲ್ಲಿ ನೋಡಿಕೊಳ್ಳುವವರು ಇದ್ದು ಕಲಿಯಲಿ. ಅಲ್ಲಿನ ಸಪಾಟು ನೆಲದಲ್ಲಿ ನಡೆಯುವುದನ್ನು ಕಲಿತು ಬಂದು ತಮ್ಮ ಮನೆಯ ಹೊಸಿಲು ದಾಟಲಾಗದೆ ಮಲಗಿದವರನ್ನು ನೋಡಿದ್ದೇನೆ. ಯಾವ ಸೆಂಟರ್ ಆದರೂ ನಿಮ್ಮ ಮನೆಯ ಫೋಟೋ ತೋರಿಸಿ, "ಇಲ್ಲಿಗೆ ತಯಾರು ಮಾಡಿ" ಅಂತ ಹೇಳಿ.

ಮಾತಿನ ಕೆಲಸ

ನಾನು ಮೈಸೂರಿನ ಅಖಿಲ ಭಾರತ ವಾಕ್ ಶ್ರವಣ ಸಂಸ್ಥೆಯಲ್ಲಿ ಓದಿದವನು, ಸ್ಪೀಚ್ ಥೆರಪಿಸ್ಟ್. ಇಲ್ಲಿ ಎಲ್ಲರೂ ಕೈಕಾಲಿನ ಬಗ್ಗೆ ಹೇಳುತ್ತಿದ್ದೀರಿ, ಮೇಷ್ಟ್ರ ಮಾತಿನ ಬಗ್ಗೆ ಯಾರೂ ಇಲ್ಲ. ಅಪ್ಪನಿಗೆ ಆಗಿರುವುದು ಅಫೇಸಿಯಾ, ಅಂದರೆ ಮೆದುಳಿನ ಮಾತಿನ ಭಾಗಕ್ಕೆ ಆಗುವ ತೊಂದರೆ, ಇರಬಹುದು. ಬಲಭಾಗ ಬಿದ್ದವರಲ್ಲಿ ಇದು ಜಾಸ್ತಿ, ಯಾಕೆಂದರೆ ಮಾತಿನ ಕೇಂದ್ರ ಹೆಚ್ಚಿನವರಿಗೆ ಮೆದುಳಿನ ಎಡಭಾಗದಲ್ಲೇ ಇರುತ್ತದೆ, ಬಲಗೈಯನ್ನು ಆಡಿಸುವುದೂ ಆ ಭಾಗವೇ.

ಅವರ ಬುದ್ಧಿ ಹೋಗಿಲ್ಲ. ಪದ ಸಿಗುತ್ತಿಲ್ಲ, ಅಷ್ಟೇ. ಮಕ್ಕಳ ಹತ್ತಿರ ಮಾತಾಡುವ ಹಾಗೆ ರಾಗ ಎಳೆದು ಮಾತಾಡಬೇಡಿ. ಕಿವಿ ಕೇಳಿಸದವರ ಹತ್ತಿರ ಕೂಗುವ ಹಾಗೆ ಕೂಗಲೂಬೇಡಿ. ಟಿವಿ ಆಫ್ ಮಾಡಿ, ಎದುರಿಗೆ ಕೂತು, ಸಣ್ಣ ವಾಕ್ಯದಲ್ಲಿ, ಒಂದು ಸಲಕ್ಕೆ ಒಂದು ವಿಷಯ. "ಏನು ಬೇಕು?" ಅಂತ ಕೇಳಿದರೆ ಅವರು ಪದ ಹುಡುಕಬೇಕು. "ಕಾಫಿ ಬೇಕಾ, ಮಜ್ಜಿಗೆ ಬೇಕಾ?" ಅಂತ ಎರಡನ್ನೂ ತೋರಿಸಿ ಕೇಳಿದರೆ ಬೆರಳು ತೋರಿಸಬಹುದು. ಕೇಳಿದ ಮೇಲೆ ಕಾಯಿರಿ. ಆ ಮೌನ ಮನೆಯವರಿಗೇ ತಡೆಯುವುದಿಲ್ಲ, ನಡುವೆ ಬಾಯಿ ಹಾಕುತ್ತಾರೆ.

ಮೇಷ್ಟ್ರು ಯಾವ ಪಾಠ ಮಾಡುತ್ತಿದ್ದರು? ಹಳೇ ಅಭ್ಯಾಸದ ಮಾತು ಕೆಲವೊಮ್ಮೆ ಉಳಿದಿರುತ್ತದೆ. ಒಂದು ಎರಡು ಎಣಿಸುವುದು, ವಾರದ ಹೆಸರು, ಮಗ್ಗಿ, ಭಜನೆ, ದಾಸರ ಪದ. ಒಂದೂ ಪದ ಆಡದವರು ಹಾಡಿನ ಸಾಲು ಪೂರ್ತಿ ಹೇಳುವುದನ್ನು ನೋಡಿದರೆ ಮನೆಯವರಿಗೆ ಗಾಬರಿಯೇ ಆಗುತ್ತದೆ. ನೀವು ಶುರು ಮಾಡಿ, ಕೊನೆಯ ಪದ ಅವರಿಗೆ ಬಿಡಿ.

ನುಂಗುವುದರ ಬಗ್ಗೆಯೂ ಹೇಳಬೇಕು. ನೀರಿಗೆ ಕೆಮ್ಮು ಬಂದು ಅನ್ನಕ್ಕೆ ಬರುವುದಿಲ್ಲ ಅಂದಿರಿ. ತೆಳ್ಳಗಿನದ್ದು ಬೇಗ ಹರಿದು ಶ್ವಾಸನಾಳಕ್ಕೆ ಹೋಗುತ್ತದೆ. ಇದನ್ನು ಸುಮ್ನೆ ಬಿಡಬೇಡಿ, ನ್ಯುಮೋನಿಯಾ ಆಗಬಹುದು. ನುಂಗುವಿಕೆಯನ್ನು ಪರೀಕ್ಷೆ ಮಾಡಿಸಿ. ಅಲ್ಲಿಯವರೆಗೆ ನೆಟ್ಟಗೆ ಕೂರಿಸಿ, ಗದ್ದ ಸ್ವಲ್ಪ ತಗ್ಗಿಸಿ, ಚಮಚದಲ್ಲಿ ಸ್ವಲ್ಪಸ್ವಲ್ಪ ಕೊಡಿ. ಊಟ ಆದ ಮೇಲೆ ಅರ್ಧ ಗಂಟೆ ಮಲಗಿಸಬೇಡಿ. ಬಾಯಿಯ ಬಲಗಡೆ ಅನ್ನ ಸಿಕ್ಕಿಕೊಂಡಿರುತ್ತದೆ, ತೆಗೆದು ಬಾಯಿ ತೊಳೆಸಿ. ಮಲಗಿಸಿಕೊಂಡು ಒಳಲೆಯಲ್ಲಿ ಹಾಕುವುದಂತೂ ಬೇಡವೇ ಬೇಡ.

ಸಾಗರದವಳು

ಅಪ್ಪ ಗಣಿತ ಮೇಷ್ಟ್ರು. ನಿಮ್ಮ ಪೋಸ್ಟ್ ಓದಿ ಏಳರ ಮಗ್ಗಿ ಶುರು ಮಾಡಿದೆ. ಏಳು ನಾಲ್ಕಲಿ ಅಂತ ನಿಲ್ಲಿಸಿದೆ. "ಇಪ್ಪತ್ತೆಂಟು" ಅಂದರು! ಅಮ್ಮ ಅಡುಗೆಮನೆಯಿಂದ ಓಡಿಬಂದಳು. ಆಮೇಲೆ ಅಪ್ಪ ಅತ್ತರು, ನಿಲ್ಲಿಸಲೇ ಆಗಲಿಲ್ಲ. ಮೊನ್ನೆ ಸೋದರತ್ತೆ ಬಂದಾಗಲೂ ಹೀಗೇ ಆಗಿತ್ತು. ಇದು ಸ್ಟ್ರೋಕಿನದ್ದಾ, ಬೇಜಾರಿನದ್ದಾ?

ಮಾತಿನ ಕೆಲಸ

ಎರಡೂ ಇರಬಹುದು. ಸ್ಟ್ರೋಕ್ ಆದ ಮೇಲೆ ಕೆಲವರಿಗೆ ಅಳು, ನಗು ಹಿಡಿತಕ್ಕೆ ಸಿಗುವುದಿಲ್ಲ, ಸಣ್ಣ ಕಾರಣಕ್ಕೂ ಬರುತ್ತದೆ. ಸ್ವಲ್ಪ ಹೊತ್ತಿಗೆ ನಿಂತು ಸರಿ ಹೋದರೆ ಅದು. ಆದರೆ ಊಟ ಬೇಡ, ಯಾರೂ ಬೇಡ, ವ್ಯಾಯಾಮ ಬೇಡ ಅಂತ ದಿನಗಟ್ಟಲೆ ಮುಖ ತಿರುಗಿಸಿ ಮಲಗಿದರೆ ಖಿನ್ನತೆ ಇರಬಹುದು. ಸ್ಟ್ರೋಕ್ ಆದವರಲ್ಲಿ ಹೆಚ್ಚುಕಮ್ಮಿ ಮೂವರಲ್ಲಿ ಒಬ್ಬರಿಗೆ ಬರುತ್ತದೆ. ಅದಕ್ಕೆ ಔಷಧಿ ಇದೆ. ಡಾಕ್ಟರಿಗೆ ಹೇಳಿ. ಟೆಲಿ ಮಾನಸ್ ಸಹಾಯವಾಣಿ 14416ಕ್ಕೆ ಫೋನ್ ಮಾಡಿದರೆ ಕನ್ನಡದಲ್ಲೇ ಮಾತಾಡುತ್ತಾರೆ. ಅಮ್ಮನೂ ಮಾತಾಡಬಹುದು.

ತಾಲ್ಲೂಕಿನ ಎಂಆರ್‌ಡಬ್ಲ್ಯೂ

ಕಾರ್ಡ್ ಬಗ್ಗೆ ಯಾರೂ ಹೇಳಲಿಲ್ಲ, ನಾನು ಹೇಳುತ್ತೇನೆ, ಇದೇ ನನ್ನ ಕೆಲಸ.

ಕಾರ್ಡಿಗೆ ವಯಸ್ಸಿನ ಮಿತಿ ಇಲ್ಲ. "ವಯಸ್ಸಾದ ಮೇಲೆ ಎಲ್ಲರಿಗೂ ಹೀಗೇ, ಇದಕ್ಕೆಲ್ಲ ಕಾರ್ಡ್ ಯಾಕೆ" ಅಂತ ಮನೆಯವರೇ ಅರ್ಜಿ ಹಾಕುವುದಿಲ್ಲ. 2016ರ ವಿಕಲಚೇತನರ ಹಕ್ಕುಗಳ ಕಾಯ್ದೆಯಲ್ಲಿ 21 ಬಗೆಯ ಅಂಗವೈಕಲ್ಯ ಇದೆ. ಸ್ಟ್ರೋಕಿನಿಂದ ಕೈಕಾಲು ಬಿದ್ದರೆ ಚಲನೆಯ ವೈಕಲ್ಯದಲ್ಲಿ ಬರುತ್ತದೆ. ಅಫೇಸಿಯಾ ಶಾಶ್ವತವಾಗಿ ಉಳಿದರೆ ಮಾತು ಮತ್ತು ಭಾಷೆಯ ವೈಕಲ್ಯದಲ್ಲಿ ಬರುತ್ತದೆ. ಪಾರ್ಕಿನ್ಸನ್ಸ್ ಕೂಡ ಪಟ್ಟಿಯಲ್ಲಿದೆ. ಶೇ. 40 ಮತ್ತು ಮೇಲೆ ಇದ್ದರೆ ಹೆಚ್ಚಿನ ಸೌಲಭ್ಯಗಳಿಗೆ ಅರ್ಹತೆ.

ಅರ್ಜಿ ಆನ್‌ಲೈನ್, ಯುಡಿಐಡಿ ಅಂತ, ಅಂದರೆ ವಿಕಲಚೇತನರ ವಿಶಿಷ್ಟ ಗುರುತಿನ ಕಾರ್ಡ್. ಆಧಾರ್, ಫೋಟೋ, ಆಸ್ಪತ್ರೆ ಕಾಗದ ಬೇಕು. ನರಕ್ಕೆ ಸಂಬಂಧಿಸಿದ ವೈಕಲ್ಯವನ್ನು ಸಾಮಾನ್ಯವಾಗಿ ಆರು ತಿಂಗಳು ಕಳೆದ ಮೇಲೆ ಅಳೆಯುತ್ತಾರೆ, ಯಾಕೆಂದರೆ ಅಷ್ಟರಲ್ಲಿ ಎಷ್ಟು ಸುಧಾರಿಸುತ್ತದೆ ಅಂತ ನೋಡಬೇಕು. ಸ್ಕ್ಯಾನ್, ಡಿಸ್ಚಾರ್ಜ್ ಹಾಳೆ, ಫಿಸಿಯೋ ಚೀಟಿ ಒಂದನ್ನೂ ಎಸೆಯಬೇಡಿ. ಕಾರ್ಡಿನಲ್ಲಿ ಹಳದಿ ಪಟ್ಟಿ ಬಂದರೆ ಶೇ. 40ರಿಂದ 80ರ ಒಳಗೆ, ನೀಲಿ ಬಂದರೆ 80 ಮತ್ತು ಮೇಲೆ.

ನಿಮ್ಮ ಗ್ರಾಮ ಪಂಚಾಯ್ತಿಯಲ್ಲಿ ಗ್ರಾಮೀಣ ಪುನರ್ವಸತಿ ಕಾರ್ಯಕರ್ತರು, ವಿಆರ್‌ಡಬ್ಲ್ಯೂ, ಇರುತ್ತಾರೆ. ಹೆಚ್ಚಿನ ಕಡೆ ಅವರೂ ವಿಕಲಚೇತನರೇ. ತಾಲ್ಲೂಕಿಗೆ ನನ್ನಂಥವರು, ವಿವಿಧೋದ್ದೇಶ ಪುನರ್ವಸತಿ ಕಾರ್ಯಕರ್ತರು, ಎಂಆರ್‌ಡಬ್ಲ್ಯೂ. ಊರಿನವರಿಗೆ ನಾವು ಇದ್ದೇವೆ ಅಂತಲೇ ಗೊತ್ತಿಲ್ಲ. ಪಂಚಾಯ್ತಿಯಲ್ಲಿ ವಿಕಲಚೇತನರಿಗೆ ಶೇ. 5 ಅನುದಾನ ಮೀಸಲಿಡಬೇಕು, ಅದರಲ್ಲಿ ಸಾಧನ ಸಲಕರಣೆ ಕೇಳಬಹುದು. ಕೇಳುವವರೇ ಇಲ್ಲದಿದ್ದರೆ ಬೇರೆ ಯಾವುದಕ್ಕೋ ಹೋಗುತ್ತದೆ.

ನಿಮ್ಮ ತಂದೆಗೆ ಸರ್ಕಾರಿ ಪಿಂಚಣಿ ಇರುವುದರಿಂದ ಅಂಗವಿಕಲ ವೇತನ, ಸಂಧ್ಯಾ ಸುರಕ್ಷಾ ಬರುವುದಿಲ್ಲ. ಓದುವ ಬೇರೆಯವರಿಗಾಗಿ ಹೇಳುತ್ತೇನೆ. ಬಡವರ ಮನೆಯ 60 ದಾಟಿದವರಿಗೆ ರಾಷ್ಟ್ರೀಯ ವಯೋಶ್ರೀ ಯೋಜನೆಯಲ್ಲಿ ಕೋಲು, ವಾಕರ್, ವೀಲ್‌ಚೇರ್, ಕಿವಿ ಮಷಿನ್, ಹಲ್ಲಿನ ಸೆಟ್ ಉಚಿತವಾಗಿ ಸಿಗುತ್ತದೆ. 2017ರಲ್ಲಿ ಶುರುವಾದ ಯೋಜನೆ. ಕೇಂದ್ರದ ಅಲಿಮ್ಕೋ ಸಂಸ್ಥೆ ಕ್ಯಾಂಪ್ ಮಾಡಿ ಅಳತೆ ತಗೊಂಡು, ಆಮೇಲೆ ಕೊಡುತ್ತದೆ. ಅದಕ್ಕೆ ಅಂಗವಿಕಲರ ಕಾರ್ಡ್ ಕೂಡ ಬೇಕಿಲ್ಲ, ವಯಸ್ಸಿನಿಂದ ಬಂದ ತೊಂದರೆ ಇದ್ದರೆ ಸಾಕು.

ನೋಡಿಕೊಂಡವಳು

ಎಲ್ಲರೂ ಅಪ್ಪನ ಬಗ್ಗೆ ಹೇಳಿದಿರಿ. ನಾನು ಅಮ್ಮನ ಬಗ್ಗೆ ಹೇಳುತ್ತೇನೆ, ಸ್ವಲ್ಪ ಒರಟಾಗಿ.

ಮೇಲಿನ ಪಟ್ಟಿ ಓದಿ. ಹೊರಳಿಸಿ, ನೆಟ್ಟಗೆ ಕೂರಿಸಿ, ಚಮಚದಲ್ಲಿ ಕೊಡಿ, ಅರ್ಧ ಗಂಟೆ ಕಾಯಿರಿ, ಮಗ್ಗಿ ಹೇಳಿಸಿ, ವ್ಯಾಯಾಮ ಮಾಡಿಸಿ, ಅಳುವಾಗ ಸಮಾಧಾನ ಮಾಡಿ. ಎಲ್ಲ ಸರಿಯೇ. ಯಾರು ಮಾಡುತ್ತಾರೆ? ಮಂಡಿನೋವಿನ 68ರ ಹೆಂಗಸು. ಅವಳ ಬಿಪಿ ಕೊನೆಗೆ ಯಾವಾಗ ನೋಡಿಸಿದಿರಿ? ನಾನು ನನ್ನ ಗಂಡನನ್ನು ವರ್ಷಗಟ್ಟಲೆ ನೋಡಿಕೊಂಡೆ. ಬಂದವರೆಲ್ಲ ಅವರ ಆರೋಗ್ಯ ಕೇಳಿದರು, ನನಗೆ "ನೀನು ಗಟ್ಟಿಗಿತ್ತಿ ಬಿಡಮ್ಮ" ಅಂದರು. ಗಟ್ಟಿಗಿತ್ತಿ ಅಂದರೆ ಇನ್ನು ಸಹಾಯ ಬೇಕಿಲ್ಲ ಅಂತ ಅಲ್ವಾ?

ಅಮ್ಮ ಅಪ್ಪನಿಗೆ ತುತ್ತು ಕೊಡುವುದು ಬರೀ ಪ್ರೀತಿಗೆ ಅಂತ ತಿಳಿಯಬೇಡಿ. ಅವರು ಎಡಗೈಲಿ ತಿಂದರೆ ಮುಕ್ಕಾಲು ಗಂಟೆ. ಬಟ್ಟೆ, ನೆಲ, ಚಾಪೆ ಎಲ್ಲ ಅನ್ನ. ತೊಳೆಯುವವಳು ಅವಳೇ. ತುತ್ತು ಕೊಟ್ಟರೆ ಹತ್ತು ನಿಮಿಷಕ್ಕೆ ಮುಗಿಯುತ್ತದೆ. ಅಪ್ಪ ತಾನೇ ತಿನ್ನಬೇಕು ಅಂತಿದ್ದರೆ ಅಮ್ಮನಿಗೆ ಪುರಸೊತ್ತು ಬೇಕು. ಅದಕ್ಕೆ ಬಟ್ಟೆ ಪಾತ್ರೆಗೆ ಜನ ಇಡಿ. ಹೋಮ್ ನರ್ಸ್ ಅಂತ ದೊಡ್ಡದಾಗಿ ಯೋಚಿಸುವ ಮೊದಲು ಮನೆಗೆಲಸಕ್ಕೆ ಒಬ್ಬರನ್ನು ಹುಡುಕಿ. ಅದು ಹಳ್ಳಿಯಲ್ಲಿ ಸಾಧ್ಯ.

ರಾತ್ರಿ ನಿದ್ದೆ ಇಲ್ಲದವಳು ಎಬ್ಬಿಸುವಾಗ ಇಬ್ಬರೂ ಬೀಳುತ್ತಾರೆ. ವಾರದಲ್ಲಿ ಎರಡು ರಾತ್ರಿಯಾದರೂ ಬೇರೆಯವರು ಮಲಗಬೇಕು.

ಮತ್ತೆ ದುಬೈ ಅಣ್ಣ. ದುಡ್ಡು ಕಳಿಸುತ್ತಾರೆ ಅಂದುಕೊಳ್ಳುತ್ತೇನೆ. ಒಳ್ಳೆಯದು. ಆದರೆ ರಜೆ ಹಾಕಿ ಬಂದವಳು ಮಗಳು. ಇದು ಎಲ್ಲ ಮನೆಯಲ್ಲೂ ಹೀಗೇ.

ಗಲ್ಫ್ ಕನ್ನಡಿಗ

ಕೊನೆಯ ಸಾಲು ಚುಚ್ಚಿತು. ನಾನೂ ಅಂಥ ಅಣ್ಣನೇ, ಬೇರೆ ಮನೆಯವನು. ಹೊರಗಿರುವವರು ಬರೀ ದುಡ್ಡು ಕಳಿಸಿ ಕೂರುತ್ತೇವೆ ಅಂತ ಎಲ್ಲರೂ ಹೇಳುತ್ತಾರೆ. ಆದರೆ ನಮಗೆ ಯಾರೂ ಕೆಲಸ ಹೇಳುವುದಿಲ್ಲ. ಫೋನ್ ಮಾಡಿದರೆ "ಎಲ್ಲ ಆರಾಮ, ನೀನು ಚಿಂತೆ ಮಾಡಬೇಡ" ಅಂತಾರೆ.

ನಮ್ಮ ಮನೆಯಲ್ಲಿ ತಂಗಿ ಒಂದು ದಿನ ಜಗಳ ಮಾಡಿದಳು. ಅಂದಿನಿಂದ ಮಾತ್ರೆ ಮುಗಿಯುವ ಮೊದಲು ತರಿಸುವುದು, ಡಾಕ್ಟರ್ ಅಪಾಯಿಂಟ್‌ಮೆಂಟ್, ಬಿಲ್ಲು, ಇನ್ಶೂರೆನ್ಸ್, ಫಿಸಿಯೋ ಜೊತೆ ಮಾತು ನನ್ನ ಜವಾಬ್ದಾರಿ. ಸಂಜೆ ವಿಡಿಯೋ ಕಾಲ್‌ನಲ್ಲಿ ಅಪ್ಪನ ಹತ್ತಿರ ವ್ಯಾಯಾಮ ಮಾಡಿಸುವುದೂ ನಾನೇ. ವರ್ಷದ ರಜೆ ಮದುವೆ ಮುಂಜಿಗೆ ಇಟ್ಟುಕೊಳ್ಳುವುದಿಲ್ಲ, ತಂಗಿ ಊರಿಗೆ ಹೋಗಲಿ ಅಂತ ನಾನು ಬಂದು ಕೂರುತ್ತೇನೆ. ನಿಮ್ಮ ಅಣ್ಣನಿಗೂ ಕೆಲಸ ಹೇಳಿ. ಸುಮ್ನೆ "ಆರಾಮ" ಅನ್ನಬೇಡಿ.

ನೋಡಿಕೊಂಡವಳು

ಸರಿ ಮಾರಾಯ್ರೆ, ಒಪ್ಪಿದೆ. ತಂಗಿ ಜಗಳ ಮಾಡಿದ್ದು ಒಳ್ಳೆಯದಾಯಿತು.

ನಿವೃತ್ತ ಬ್ಯಾಂಕಿನವರು

ಕಾಗದಪತ್ರದ ವಿಷಯ. ಮೇಷ್ಟ್ರ ಪಿಂಚಣಿ ಅವರ ಒಬ್ಬರ ಹೆಸರಿನ ಖಾತೆಗೆ ಬರುತ್ತಿದ್ದರೆ ಈಗ ಸಹಿ ಸಮಸ್ಯೆ ಬರುತ್ತದೆ, ಬಲಗೈ ತಾನೇ. ಎಡಗೈ ಹೆಬ್ಬೆಟ್ಟು ಒತ್ತಬಹುದು. ಬ್ಯಾಂಕಿಗೆ ಬರಲಾಗದ ವೃದ್ಧರು, ಕಾಯಿಲೆಯವರು ಹೆಬ್ಬೆಟ್ಟು ಅಥವಾ ಕಾಲಿನ ಬೆರಳ ಗುರುತು ಹಾಕಿ, ಇಬ್ಬರು ಸಾಕ್ಷಿಗಳ ಎದುರು ಹಣ ತೆಗೆಯಬಹುದು, ಆ ಇಬ್ಬರಲ್ಲಿ ಒಬ್ಬರು ಬ್ಯಾಂಕಿನ ಜವಾಬ್ದಾರಿಯುತ ಅಧಿಕಾರಿ ಆಗಿರಬೇಕು ಅಂತ ರಿಸರ್ವ್ ಬ್ಯಾಂಕಿನ ಸೂಚನೆ ಇದೆ. ಕೌಂಟರಿನಲ್ಲಿ "ಅವರನ್ನೇ ಕರ್ಕೊಂಡು ಬನ್ನಿ" ಅಂದರೆ ಮ್ಯಾನೇಜರ್ ಹತ್ತಿರ ಹೋಗಿ ಇದನ್ನು ಹೇಳಿ. 70 ದಾಟಿದವರಿಗೆ ಮನೆಬಾಗಿಲಿಗೇ ಬಂದು ಮೂಲ ಸೇವೆ ಕೊಡುವ ವ್ಯವಸ್ಥೆ ಮಾಡಬೇಕು ಅಂತ 2017ರಲ್ಲೇ ರಿಸರ್ವ್ ಬ್ಯಾಂಕ್ ಹೇಳಿದೆ.

ನವೆಂಬರಿನಲ್ಲಿ ಕೊಡುವ ಜೀವಂತ ಪ್ರಮಾಣಪತ್ರಕ್ಕೆ ಹೊತ್ತುಕೊಂಡು ಹೋಗಬೇಡಿ. ಜೀವನ್ ಪ್ರಮಾಣ್ ಆ್ಯಪ್‌ನಲ್ಲಿ ಮುಖ ತೋರಿಸಿದರೆ ಆಗುತ್ತದೆ, ಬೆರಳಚ್ಚು ಬೇಕಿಲ್ಲ.

ತೆರಿಗೆಯಲ್ಲಿ ಜನ ಗೊಂದಲ ಮಾಡಿಕೊಳ್ಳುತ್ತಾರೆ. ಹಳೇ ಪದ್ಧತಿಯಲ್ಲಿ ಲೆಕ್ಕ ಕೊಡುವುದಾದರೆ, ಶೇ. 40 ಮೇಲಿನ ವೈಕಲ್ಯಕ್ಕೆ 75,000, ಶೇ. 80 ಮತ್ತು ಮೇಲೆ 1,25,000 ರೂಪಾಯಿ ಕಡಿತ ಇದೆ. 1961ರ ಆದಾಯ ತೆರಿಗೆ ಕಾಯ್ದೆಯಲ್ಲಿ ಇದು ಸ್ವಂತಕ್ಕಾದರೆ 80ಯು, ಅವಲಂಬಿತರಿಗಾದರೆ 80ಡಿಡಿ ಸೆಕ್ಷನ್ ಆಗಿತ್ತು. ಮೇಷ್ಟ್ರಿಗೆ ಸ್ವಂತ ಆದಾಯ ಇರುವುದರಿಂದ ಅವರೇ ಸ್ವಂತದ ಕಡಿತ ತೆಗೆದುಕೊಳ್ಳಲಿ. ಇಬ್ಬರೂ ತೆಗೆದುಕೊಳ್ಳುವ ಹಾಗಿಲ್ಲ.

ರೈಲಿನಲ್ಲಿ ಹಿರಿಯ ನಾಗರಿಕರ ರಿಯಾಯಿತಿ 2020ರಲ್ಲಿ ನಿಂತುಹೋಯಿತು. ಆದರೆ ಜೊತೆಗಾರರಿಲ್ಲದೆ ಪ್ರಯಾಣ ಮಾಡಲಾಗದ ಅಂಗವಿಕಲರ ರಿಯಾಯಿತಿ ಇದೆ. ಸ್ಲೀಪರ್‌ಗೂ ಥರ್ಡ್ ಎಸಿಗೂ ಶೇ. 75, ಜೊತೆಗೆ ಹೋಗುವವರಿಗೂ ಅಷ್ಟೇ. ಸಾಗರ ಜಂಬಗಾರು ಸ್ಟೇಷನ್ನಿನಿಂದ ಬೆಂಗಳೂರಿಗೆ ಚೆಕಪ್‌ಗೆ ಹೋಗುವಾಗ ಕೆಲಸಕ್ಕೆ ಬರುತ್ತದೆ.

ಮಲೆನಾಡ ಗೌಡ

ಇಷ್ಟೆಲ್ಲ ಇದೆ ಅಂತ ನಮಗೆ ಗೊತ್ತೇ ಇರಲಿಲ್ಲ ಬಿಡಿ. ನೋಡಿಕೊಳ್ಳುವವರಿಗೂ ಸರ್ಕಾರ ಏನಾದರೂ ಕೊಡುತ್ತದಾ?

ತಾಲ್ಲೂಕಿನ ಎಂಆರ್‌ಡಬ್ಲ್ಯೂ

ಹೆಚ್ಚಿನ ನೆರವು ಬೇಕಾದವರಿಗೆ ಆರೈಕೆದಾರರ ಭತ್ಯೆ ಕೊಡಬೇಕು ಅಂತ 2016ರ ಕಾಯ್ದೆಯ 24ನೇ ಸೆಕ್ಷನ್‌ನಲ್ಲಿದೆ ಗೌಡ್ರೇ. ಕಾಯ್ದೆಯಲ್ಲಿ ಇರುವುದು ಬೇರೆ, ಸ್ಟ್ರೋಕ್ ಆದವರ ಹೆಂಡತಿಯ ಖಾತೆಗೆ ಬರುವುದು ಬೇರೆ. 70 ದಾಟಿದವರಿಗೆ 2024ರಿಂದ ಆಯುಷ್ಮಾನ್‌ನಲ್ಲಿ 5 ಲಕ್ಷದ ಚಿಕಿತ್ಸೆ ಅಂತ ಬಂತು, ಅದೂ ಆಸ್ಪತ್ರೆಗೆ ಸೇರಿದರೆ. ಮನೆಗೆ ಬರುವ ಫಿಸಿಯೋಗೆ ಕೈಯಿಂದಲೇ ಕೊಡಬೇಕು. ಹಿರಿಯರ ವಿಷಯದಲ್ಲಿ ಏನೇ ಕೇಳಬೇಕಿದ್ದರೂ ಎಲ್ಡರ್‌ಲೈನ್ 14567 ಇದೆ, ಉಚಿತ.

ಸಾಗರದವಳು

ಇಷ್ಟು ದಿನ ಬರೆಯಲು ಆಗಲಿಲ್ಲ, ಕ್ಷಮಿಸಿ. ಏನೇನು ಮಾಡಿದೆವು ಹೇಳುತ್ತೇನೆ.

ಬೆಂಗಳೂರಿನ ಸೆಂಟರ್ ಬೇಡ ಅಂತ ಮಾಡಿದೆವು. ಜಗಲಿಗೆ ಹತ್ತಿರದ ಪಡಸಾಲೆ ಪಕ್ಕದ ಕೋಣೆಗೆ ಅಪ್ಪನ ಮಂಚ ತಂದೆವು. ಅದರ ಮೂಲೆಯಲ್ಲೇ ಕಮೋಡ್ ಕುರ್ಚಿ. ಜಗಲಿಗೆ ಇಳಿಜಾರು ಮಾಡಿಸಲು ಹೋದರೆ ಲೆಕ್ಕ ತಪ್ಪಿತು. ಒಂದು ಅಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ ಬೇಕು ಅಂತ ಫಿಸಿಯೋ ಹೇಳಿದರು, ನಮ್ಮ ಜಗಲಿಗೆ ಅಂಗಳವೇ ಸಾಲುವುದಿಲ್ಲ! ಸದ್ಯಕ್ಕೆ ಮೆಟ್ಟಿಲಿಗೆ ಎರಡೂ ಕಡೆ ಕಂಬಿ ಹಾಕಿಸಿದ್ದೇವೆ. ಒಳಗಿನ ಎರಡು ಹೊಸಿಲು ತೆಗೆಸಿದೆವು. ದೇವರ ಕೋಣೆಯ ಹೊಸಿಲಿಗೆ ಅಮ್ಮ ಒಪ್ಪಲಿಲ್ಲ.

ನುಂಗುವುದರ ಪರೀಕ್ಷೆ ಆಯಿತು. ಈಗ ಎಲ್ಲವನ್ನೂ ಸ್ವಲ್ಪ ಗಟ್ಟಿ ಮಾಡಿ ಕೊಡುತ್ತಿದ್ದೇವೆ, ಕೆಮ್ಮು ಕಮ್ಮಿ. ಪಂಚಾಯ್ತಿಯ ವಿಆರ್‌ಡಬ್ಲ್ಯೂ ಮನೆಗೇ ಬಂದಿದ್ದರು. ಅವರಿಗೂ ಒಂದು ಕಾಲು ಪೋಲಿಯೋ. ಅಪ್ಪನಿಗೆ ಕೋಲು ಹಿಡಿಯುವುದನ್ನು ಅವರು ತೋರಿಸಿದಾಗ ಕೇಳಿದಷ್ಟು ನಮ್ಮ ಮಾತು ಕೇಳುವುದಿಲ್ಲ ಅಪ್ಪ.

ಬಟ್ಟೆ ಪಾತ್ರೆಗೆ ಕೆಳಗಿನಮನೆಯ ಹೆಂಗಸು ಬರುತ್ತಾರೆ. ಅಮ್ಮ ಮಧ್ಯಾಹ್ನ ಮಲಗುತ್ತಾಳೆ. ತುತ್ತು ಕೊಡುವುದು ಬೆಳಿಗ್ಗೆ ನಿಂತಿದೆ, ರಾತ್ರಿ ಇನ್ನೂ ನಡೆದಿದೆ. ಅದನ್ನು ನಾನು ಸುಮ್ಮನೆ ಬಿಟ್ಟಿದ್ದೇನೆ. ಅಣ್ಣನಿಗೆ ಈ ಥ್ರೆಡ್ ಕಳಿಸಿದೆ. ಒಂದು ದಿನ ಮಾತಾಡಲಿಲ್ಲ. ಆಮೇಲೆ ಮಾತ್ರೆ, ಬ್ಯಾಂಕು ತನಗೆ ಬಿಡು ಅಂದ. ಬೇಸಿಗೆ ರಜೆಗೆ ಒಬ್ಬನೇ ಬರುತ್ತಾನಂತೆ.

ಒಂದು ಪ್ರಶ್ನೆ ಉಳಿಯಿತು. ಸಂಬಂಧಿಕರೊಬ್ಬರು ನಾಲ್ಕು ಕಾಲಿನ ವಾಕರ್ ತಂದುಕೊಟ್ಟಿದ್ದಾರೆ. ಅದನ್ನು ಬಳಸಬಹುದಾ? ಅಪ್ಪ ಈಗ ನಿಲ್ಲುತ್ತಾರೆ, ಹಿಡಿದರೆ ನಾಲ್ಕೈದು ಹೆಜ್ಜೆ ಇಡುತ್ತಾರೆ.

ಫಿಸಿಯೋ ಅಕ್ಕ, ಮೈಸೂರು

ವಾಕರ್ ಎರಡೂ ಕೈಯಲ್ಲಿ ಹಿಡಿದು ಎತ್ತಿಡುವಂಥದ್ದು. ಅಪ್ಪನ ಬಲಗೈ ಹಿಡಿಯುವುದಿಲ್ಲ, ಒಂದೇ ಕೈಯಲ್ಲಿ ಎತ್ತಿದರೆ ಓರೆಯಾಗಿ ಬೀಳುತ್ತಾರೆ. ವಾಪಸ್ ಕೊಡಿ. ಕೆಳಗೆ ನಾಲ್ಕು ಪಾದ ಇರುವ ಕೋಲು ತಗೊಳ್ಳಿ, ಅದು ಎಡಗೈಗೆ. ಎತ್ತರ ನೋಡಲು ಚಪ್ಪಲಿ ಹಾಕಿ ನೆಟ್ಟಗೆ ನಿಲ್ಲಿಸಿ, ಕೈ ಇಳಿಬಿಟ್ಟಾಗ ಮಣಿಕಟ್ಟಿನ ಗೆರೆಗೆ ಹಿಡಿ ಬರಬೇಕು. ನಡೆಯುವಾಗ ಮೊದಲು ಕೋಲು, ಆಮೇಲೆ ಬಲಗಾಲು, ಆಮೇಲೆ ಎಡಗಾಲು. ಮೆಟ್ಟಿಲು ಹತ್ತುವಾಗ ಶಕ್ತಿ ಇರುವ ಎಡಗಾಲು ಮೊದಲು, ಇಳಿಯುವಾಗ ಬಲಗಾಲು ಮೊದಲು. ಬಲಪಾದ ನೆಲಕ್ಕೆ ಉಜ್ಜುತ್ತಿದ್ದರೆ ಪಾದ ಹಿಡಿದಿಡುವ ಸ್ಪ್ಲಿಂಟ್ ಬೇಕಾಗುತ್ತದೆ, ಅಳತೆ ಕೊಟ್ಟು ಮಾಡಿಸಿ. ರೆಡಿಮೇಡ್ ತಗೊಂಡರೆ ಹಿಮ್ಮಡಿ ಹತ್ತಿರ ಹುಣ್ಣಾಗಬಹುದು.

ಹವಾಯಿ ಚಪ್ಪಲಿ ಬೇಡ, ಹಿಂದೆ ಪಟ್ಟಿ ಇರುವುದು ಹಾಕಿಸಿ. ಕೋಲಿನ ತುದಿಯ ರಬ್ಬರ್ ಸವೆದಾಗ ಬದಲಿಸಿ, ಸರ್ಜಿಕಲ್ ಅಂಗಡಿಯಲ್ಲಿ ಬಿಡಿಯಾಗಿ ಸಿಗುತ್ತದೆ. ಮಳೆಗಾಲಕ್ಕೆ ಮುಂಚೆ ಒಂದು ಜೊತೆ ತರಿಸಿಟ್ಟುಕೊಳ್ಳಿ.